ವಾಗ್ಗೇಯಕಾರನೂ ಮೇಳವೂ: ಕಂಬಾರ ಮತ್ತು ಜೊಸೆ ಅಫೊನ್ಸೊ ಅವರ ಹಾಡುಗಳ ತೌಲನಿಕ ಓದು

ಚಂದ್ರಶೇಖರ ಕಂಬಾರರ ಕಾವ್ಯವನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ‘ಹಾಡುವ ಕವಿ’ ಎಂಬ ವಿಶೇಷಣ ಪದೇ ಪದೇ ಬರುತ್ತದೆ. ಅದನ್ನು ಮೆಚ್ಚುಗೆಯ ಮಾತಾಗಿ ಹೇಳಿ ವಿಮರ್ಶೆ ಮುಂದಕ್ಕೆ ಸಾಗುತ್ತದೆ. ಆಮೇಲಿನ ಚರ್ಚೆಯೆಲ್ಲ ಶಿವಾಪುರದ ಪುರಾಣ, ಫಲವಂತಿಕೆಯ ಆಚರಣೆಗಳು, ವಸಾಹತುಶಾಹಿಯ ಅನುಭವ, ದೇಸಿ ಪ್ರಜ್ಞೆ ಇವುಗಳ ಸುತ್ತ ನಡೆಯುತ್ತದೆ. ಈ ಚರ್ಚೆಗಳ ಮಹತ್ವವನ್ನು ನಿರಾಕರಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಕವಿ ಹಾಡುತ್ತಾನೆ ಎನ್ನುವುದು ಕವಿತೆಯ ಅರ್ಥದ ಭಾಗವೇ, ಅಥವಾ ಅರ್ಥಕ್ಕೆ ಹೊರಗಿನ ಒಂದು ಸೊಗಸೇ ಎಂಬ ಪ್ರಶ್ನೆಯನ್ನು ಅವು ಎದುರಿಸಿಲ್ಲ. ಪ್ರಸ್ತುತ ಲೇಖನ ಆ ಒಂದು ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತದೆ. ಕಂಬಾರರ ಹಾಡಿನಲ್ಲಿ ಮೇಳವು ಅರ್ಥವನ್ನು ಕಟ್ಟುವ ಪಾಲುದಾರ. ಅಚ್ಚಿನಲ್ಲಿ ಮತ್ತು ಧ್ವನಿಮುದ್ರಣದಲ್ಲಿ ಆ ಪಾಲುದಾರ ಕಾಣೆಯಾದಾಗ ನಮ್ಮ ಓದಿಗೆ ಸಿಗುವುದು ಅರ್ಧ ಹಾಡು ಎಂಬುದು ಇಲ್ಲಿಯ ವಾದ. ಈ ವಾದವನ್ನು ಪರೀಕ್ಷಿಸಲು ಪೋರ್ಚುಗಲ್ಲಿನ ಒಬ್ಬ ಹಾಡುಗಾರನನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅಷ್ಟು ದೂರಕ್ಕೆ ಹೋದುದು ಏಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮಾತನ್ನೂ ಮಟ್ಟನ್ನೂ ತಾನೇ ಕಟ್ಟಿ ತಾನೇ ಹಾಡುವವನಿಗೆ ನಮ್ಮ ಶಾಸ್ತ್ರದಲ್ಲಿ ‘ವಾಗ್ಗೇಯಕಾರ’ ಎಂಬ ಹೆಸರಿದೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಮಾತು ಮತ್ತು ಧಾತು ಎಂದು ಎರಡನ್ನು ಬೇರ್ಪಡಿಸಿ, ಎರಡನ್ನೂ ಬಲ್ಲವನಿಗೆ ಈ ಹೆಸರನ್ನು ಸಲ್ಲಿಸುತ್ತಾನೆ. ಹರಿದಾಸರನ್ನು ನಾವು ಸಂಕೋಚವಿಲ್ಲದೆ ಹಾಗೆ ಕರೆಯುತ್ತೇವೆ. ಆಧುನಿಕ ಕವಿಗೆ ಮಾತ್ರ ಈ ಹೆಸರು ಸಲ್ಲುವುದಿಲ್ಲ. ಏಕೆಂದರೆ ಇಪ್ಪತ್ತನೆಯ ಶತಮಾನದ ಕನ್ನಡದಲ್ಲಿ ಕೆಲಸ ಮೂರು ಪಾಲಾಯಿತು. ಕವಿ ಬರೆದ, ಸಂಯೋಜಕ ರಾಗ ಹಾಕಿದ, ಗಾಯಕ ಹಾಡಿದ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದ ಮೇಲೆ ಈ ಪಾಲುಗಾರಿಕೆ ಒಂದು ವ್ಯವಸ್ಥೆಯೇ ಆಯಿತು. ಭಾವಗೀತೆ ಎಂಬ ಪದ ಕಾವ್ಯಪ್ರಕಾರದ ಹೆಸರಾಗಿ ಉಳಿಯದೆ ಕ್ಯಾಸೆಟ್ಟಿನ ಅಂಗಡಿಯ ವಿಭಾಗದ ಹೆಸರೂ ಆದುದು ಆಗಲೇ. ಬೇಂದ್ರೆಯವರ ಬಗೆಗೆ ಬೇರೆ ಮಾತು ಹೇಳಬಹುದು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಅವರು ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಯನ್ನು ವಾಚಿಸಿದ ಸಂದರ್ಭ ಇಂದಿಗೂ ನೆನಪಾಗುತ್ತದೆ. ಆದರೆ ಅದು ಕವಿಯೊಬ್ಬನ ಕಂಠದ ನೆನಪು. ಕಂಬಾರರಲ್ಲಿ ಹಾಡಿನ ಬೇರು ಒಬ್ಬನ ಕಂಠದಲ್ಲಿಲ್ಲ, ಹಲವರ ಕೂಟದಲ್ಲಿದೆ.

ಕಂಬಾರರು ಹುಟ್ಟಿದ್ದು 1937ರ ಜನವರಿ 2ರಂದು, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ, ಕಮ್ಮಾರಿಕೆಯ ಮನೆತನದಲ್ಲಿ. ಗೋಕಾಕದಲ್ಲಿ ಶಾಲೆ. ಬಡತನದಿಂದ ಓದು ನಿಂತಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ಆಸರೆ ಸಿಕ್ಕಿತು. ಬಿ.ಎ. ಪದವಿಗೆ ಬೆಳಗಾವಿಯ ಲಿಂಗರಾಜ ಕಾಲೇಜು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಷಿಕಾಗೊ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಅಧ್ಯಾಪಕತ್ವ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿತ್ವ, 2010ನೆಯ ಸಾಲಿನ ಜ್ಞಾನಪೀಠ ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು. ನಮ್ಮ ಚರ್ಚೆಗೆ ಮುಖ್ಯವಾದುದು ಅವರ ಸಂಶೋಧನೆಯ ವಿಷಯ: ಉತ್ತರ ಕರ್ನಾಟಕದ ಜನಪದ ರಂಗಭೂಮಿ. ಬೈಲಹೊಂಗಲದ ನೆಲದಲ್ಲಿ ನಡೆಯುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಸಂಪಾದಿಸಿದವರೂ ಅವರೇ. ಸಂಶೋಧಕ ಕಂಬಾರರಿಗೂ ಕವಿ ಕಂಬಾರರಿಗೂ ಆಕರ ಒಂದೇ ಎಂಬುದನ್ನು ನಾವು ಬಾಯಿಮಾತಿಗೆ ಒಪ್ಪುತ್ತೇವೆ, ಕವಿತೆಯನ್ನು ಓದುವಾಗ ಮರೆಯುತ್ತೇವೆ.

ಸಣ್ಣಾಟದ ರಚನೆಯನ್ನು ಇಲ್ಲಿ ನೆನೆಯಬೇಕು. ಪಾತ್ರಧಾರಿ ಒಂದು ನುಡಿಯನ್ನು ಹಾಡುತ್ತಾನೆ. ಅದರ ಕೊನೆಯನ್ನು ಹಿಂದೆ ನಿಂತ ಮ್ಯಾಳದವರು ಎತ್ತಿಕೊಂಡು ಲಂಬಿಸುತ್ತಾರೆ. ಆ ವೇಳೆಯಲ್ಲಿ ಪಾತ್ರಧಾರಿ ಹೆಜ್ಜೆ ಹಾಕುತ್ತಾನೆ, ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ನುಡಿಗೆ ಸಿದ್ಧನಾಗುತ್ತಾನೆ. ಇದು ಅನುಕೂಲಕ್ಕಾಗಿ ಹುಟ್ಟಿದ ಪದ್ಧತಿ ಎಂದು ತೋರಬಹುದು. ಆದರೆ ಪ್ರೇಮಿಯ ಗುಟ್ಟಿನ ಮಾತನ್ನು ನಾಲ್ಕು ಮಂದಿ ಗಟ್ಟಿ ದನಿಯಲ್ಲಿ ಮರುನುಡಿದಾಗ ಆ ಗುಟ್ಟು ಊರಿನದಾಗುತ್ತದೆ. ಸಂಗ್ಯಾನ ಕತೆ ಊರೇ ಬಲ್ಲ ಕತೆಯಾಗುವುದು ಕಥಾವಸ್ತುವಿನಿಂದ ಮಾತ್ರವಲ್ಲ, ಈ ಮರುನುಡಿಯಿಂದ. ಗೀಗೀ ಪದದಲ್ಲಿ ಇದು ಇನ್ನಷ್ಟು ಸ್ಪಷ್ಟ. ದಪ್ಪು ಹಿಡಿದ ಮುಖ್ಯ ಹಾಡುಗಾರ ಕತೆಯನ್ನು ಒಯ್ಯುತ್ತಾನೆ; ತುಂತುಣಿ, ತಾಳದವರು ‘ಗೀ ಗೀ’ ಎಂದು ಸೇರುತ್ತಾರೆ. ಹರದೇಶಿ-ನಾಗೇಶಿ ಸವಾಲಿನಲ್ಲಂತೂ ಒಂದು ಮೇಳದ ಮಾತಿಗೆ ಇನ್ನೊಂದು ಮೇಳ ಉತ್ತರ ಕೊಡಲೇಬೇಕು. ಹಾಡು ಇಲ್ಲಿ ಒಬ್ಬನ ಹೇಳಿಕೆಯಾಗಿ ಮುಗಿಯುವುದು ಸಾಧ್ಯವೇ ಇಲ್ಲ.

‘ಹೇಳತೇನ ಕೇಳ’ (1964) ಎಂಬ ಶೀರ್ಷಿಕೆಯನ್ನೇ ನೋಡಿ. ಅದರಲ್ಲಿ ಎರಡು ಕ್ರಿಯಾಪದಗಳಿವೆ, ಇಬ್ಬರು ಕರ್ತೃಗಳಿದ್ದಾರೆ, ಹೇಳುವವನಿದ್ದಾನೆ, ಕೇಳುವವನಿದ್ದಾನೆ. ನವ್ಯ ಕಾವ್ಯದ ಸ್ವಗತ ಪ್ರಬಲವಾಗಿದ್ದ ಕಾಲದಲ್ಲಿ ಈ ಸಂಬೋಧನೆ ಬಂದುದು ಆಕಸ್ಮಿಕವಲ್ಲ. ‘ಜೋಕುಮಾರಸ್ವಾಮಿ’ಯಲ್ಲಿ (1972) ಹಿಮ್ಮೇಳ ಪಾತ್ರವೇ ಆಗುತ್ತದೆ. ಅದು ಸೂತ್ರಧಾರನಿಗೆ ಎದುರು ಮಾತಾಡುತ್ತದೆ, ಸಂಶಯ ಎತ್ತುತ್ತದೆ. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಾಡಿಕೊಂಡು ಹೋಗುವ ಹೆಣ್ಣುಮಕ್ಕಳ ಗುಂಪುಹಾಡು ಈ ನಾಟಕದ ಬೆನ್ನಿಗಿದೆ. ಉಳುವವನಿಗೂ ಗೌಡನಿಗೂ ನಡುವಣ ಭೂಮಿಯ ಜಗಳವನ್ನು ನಾಟಕ ಈ ಗುಂಪುದನಿಯ ಎದುರಿಗೆ ಇಡುತ್ತದೆ. ಬಿ.ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ ಇದನ್ನು ಆಡಿಸಿದಾಗ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬರಲು (ಮಾರ್ಚ್ 1974) ಇನ್ನೂ ಕಾಲವಿತ್ತು. ಮಾವೋ ಕುರಿತ ಅವರ ಪ್ರಸಿದ್ಧ ಹಾಡು ಕೂಡ ದೂರದೇಶದ ನಾಯಕನನ್ನು ಬೆಳಗಾವಿ ಸೀಮೆಯ ಆಡುನುಡಿಯಲ್ಲಿ, ಹತ್ತಿರದವನನ್ನು ಕರೆಯುವಂತೆ ಕರೆಯುತ್ತದೆ. ಕವಿಯ ಬಾಯಲ್ಲಿ ಅದನ್ನು ಕೇಳಿದವರಿಗೆ ಅದರ ಕುಣಿತವೂ ವಿಷಾದವೂ ಒಟ್ಟಿಗೆ ತಿಳಿಯುತ್ತವೆ. ಪುಟದ ಮೇಲೆ ಓದಿದವರಿಗೆ ಕುಣಿತ ಮಾತ್ರ.

ಬೆಳಗಾವಿಯಲ್ಲಿ ಸ್ನಾತಕೋತ್ತರ ತರಗತಿಯೊಂದಕ್ಕೆ ಪಾಠ ಹೇಳುವ ಅವಕಾಶ ದೊರೆತಾಗ ಇದನ್ನು ಸಣ್ಣ ಪ್ರಯೋಗವಾಗಿ ನೋಡಿದೆ. ಕಂಬಾರರ ಒಂದು ಹಾಡನ್ನು ಕೊಟ್ಟು ಗಟ್ಟಿಯಾಗಿ ಓದಲು ಹೇಳಿದೆ. ಹೆಚ್ಚಿನವರು ಓದಿದರು. ಗೋಕಾಕ, ಬೈಲಹೊಂಗಲದ ಕಡೆಯ ಮೂವರು ಮಾತ್ರ, ಯಾರೂ ಹೇಳದಿದ್ದರೂ, ಪಲ್ಲವಿಯ ಸಾಲು ಬಂದಾಗಲೆಲ್ಲ ಓದುವವನೊಡನೆ ದನಿಗೂಡಿಸಿದರು. ಪುಸ್ತಕದಲ್ಲಿ ಪಲ್ಲವಿ ಒಂದೇ ಸಲ ಪೂರ್ತಿಯಾಗಿ ಅಚ್ಚಾಗಿತ್ತು. ಅವರು ದನಿಗೂಡಿಸಿದ ಜಾಗಗಳು ಪುಟದ ಮೇಲೆ ಇರಲಿಲ್ಲ.

ಇನ್ನು ಪೋರ್ಚುಗಲ್. ಖಾನಾಪುರದವರಿಗೆ ಈ ದೇಶ ಅಷ್ಟೇನೂ ದೂರದ್ದಲ್ಲ. ತಾಲ್ಲೂಕಿನ ಲೋಂಡಾದಿಂದ ಕ್ಯಾಸಲ್‌ರಾಕ್ ದಾಟಿ ಇಳಿಯುವ ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಈ ನೆಲವನ್ನು ಪೋರ್ಚುಗೀಸರ ಮುರಗಾಂವ್ ಬಂದರಿಗೆ ಜೋಡಿಸಿತ್ತು. 1961ರ ಡಿಸೆಂಬರಿನವರೆಗೆ ಘಟ್ಟದ ಆ ಬದಿ ಬೇರೆ ರಾಜ್ಯಭಾರ. ಅಫೊನ್ಸೊ ಎಂಬ ಅಡ್ಡಹೆಸರು ಗೋವೆಯ ಸಂಪರ್ಕವಿದ್ದ ಇಲ್ಲಿಯವರ ಕಿವಿಗೆ ಹೊಸತಲ್ಲ. ಆದರೂ ಗೋವೆ ಮುಕ್ತವಾಯಿತು ಎಂದು ನಾವು ಪಾಠ ಮಾಡುವ 1961ಕ್ಕೂ, ಪೋರ್ಚುಗಲ್ ಅದನ್ನು ಒಪ್ಪಿಕೊಂಡು ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ 1974ರ ಡಿಸೆಂಬರ್ 31ಕ್ಕೂ ನಡುವೆ ಹದಿಮೂರು ವರ್ಷಗಳ ಅಂತರವಿದೆ ಎಂಬುದನ್ನು ಗಮನಿಸುವುದಿಲ್ಲ. ಆ ಒಪ್ಪಿಗೆ ಸಾಧ್ಯವಾದುದು ಅದೇ ವರ್ಷದ ಏಪ್ರಿಲ್ 25ರಂದು ಲಿಸ್ಬನ್ನಿನ ಸರ್ವಾಧಿಕಾರ ಉರುಳಿದ್ದರಿಂದ. ಉರುಳಿಸಿದ ಸೈನಿಕರಿಗೆ ಹೊರಡುವ ಸಂಕೇತವಾಗಿ ರೇಡಿಯೊದಲ್ಲಿ ಬಂದದ್ದು ಒಂದು ಹಾಡು. ಅದನ್ನು ಕಟ್ಟಿ ಹಾಡಿದವನು ಜೊಸೆ ಅಫೊನ್ಸೊ. ಜನ ಕರೆಯುತ್ತಿದ್ದುದು ಝೆಕಾ ಎಂದು.

ಅಫೊನ್ಸೊ ಹುಟ್ಟಿದ್ದು 1929ರ ಆಗಸ್ಟ್ 2ರಂದು ಅವೈರೊ ಪಟ್ಟಣದಲ್ಲಿ. ತಂದೆ ವಸಾಹತುಗಳಲ್ಲಿ ನ್ಯಾಯಾಧಿಕಾರಿ; ಬಾಲ್ಯದ ಭಾಗ ಅಂಗೋಲ, ಮೊಜಾಂಬಿಕ್‌ಗಳಲ್ಲಿ ಕಳೆಯಿತು. ಕೊಯಿಂಬ್ರ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿಯ ವಿದ್ಯಾರ್ಥಿಗಳ ‘ಫಾದೊ’ ಹಾಡಿಕೆಯನ್ನು ಕಲಿತ. ಗೋವೆಯ ಮೂಲಕ ನಾವು ಹೆಸರು ಕೇಳಿರುವ ಫಾದೊ ಒಂಟಿದನಿಯ ಅಳಲಿನ ಹಾಡು. ಅದರಲ್ಲಿ ಪಳಗಿದವನು ಅದನ್ನು ಬಿಟ್ಟುಹೊರಬಂದುದೇ ಅವನ ಜೀವನದ ಮುಖ್ಯ ತಿರುವು. 1963ರಲ್ಲಿ ಬಂದ ‘ಊಶ್ ವಾಂಪೀರುಶ್’ (ರಕ್ತಪಿಶಾಚಿಗಳು) ಆಳುವವರ ಮೇಲಿನ ನೇರ ವ್ಯಂಗ್ಯವಾಗಿದ್ದು ನಿಷೇಧಕ್ಕೊಳಗಾಯಿತು. ವೃತ್ತಿಯಲ್ಲಿ ಆತ ಶಾಲಾ ಶಿಕ್ಷಕ. ಅರುವತ್ತರ ದಶಕದ ನಡುವೆ ಮೊಜಾಂಬಿಕ್‌ನಲ್ಲಿ ಪಾಠ ಹೇಳುತ್ತ ವಸಾಹತು ಆಳ್ವಿಕೆಯನ್ನು ಕಣ್ಣಾರೆ ಕಂಡ. ಮರಳಿ ಬಂದ ಮೇಲೆ ಸರ್ಕಾರಿ ಶಿಕ್ಷಕ ವೃತ್ತಿಯಿಂದ ಹೊರಹಾಕಲ್ಪಟ್ಟ. ಖಾಸಗಿ ಪಾಠ, ಹಾಡು ಎರಡೇ ಉಳಿದವು. 1973ರಲ್ಲಿ ಸೆರೆಮನೆಯನ್ನೂ ಕಂಡ. ಕ್ರಾಂತಿಯ ನಂತರದ ಗೌರವಗಳ ಬಗೆಗೆ ಆತನಿಗೆ ಒಲವಿರಲಿಲ್ಲ. ಸರ್ಕಾರ ಕೊಡಮಾಡಿದ ‘ಸ್ವಾತಂತ್ರ್ಯ ಪದವಿ’ಯನ್ನು ನಿರಾಕರಿಸಿದ. ನರರೋಗದಿಂದ ದೇಹ ಕುಗ್ಗಿ 1987ರ ಫೆಬ್ರುವರಿ 23ರಂದು ಸೆತೂಬಲ್ ನಗರದಲ್ಲಿ ತೀರಿಕೊಂಡ.

ಸಂಕೇತವಾದ ಹಾಡು ‘ಗ್ರಾಂದೊಲ, ವಿಲ ಮೊರೆನ’. ಗ್ರಾಂದೊಲ ದಕ್ಷಿಣದ ಅಲೆಂತೇಜು ಸೀಮೆಯ ಒಂದು ಊರು. ದೊಡ್ಡ ಜಮೀನುದಾರರು, ಭೂಮಿಯಿಲ್ಲದ ದಿನಗೂಲಿಗಳು ಇರುವ ಸೀಮೆ. 1964ರಲ್ಲಿ ಅಲ್ಲಿಯ ಕಾರ್ಮಿಕರ ಸಂಗೀತ ಸಂಘವೊಂದಕ್ಕೆ ಹಾಡಲು ಹೋದ ಅಫೊನ್ಸೊ ಅವರ ಒಗ್ಗಟ್ಟನ್ನು ಕಂಡು ಕವಿತೆ ಬರೆದ. ಅದು ಹಾಡಾಗಿ ಮುದ್ರಣಗೊಂಡುದು 1971ರಲ್ಲಿ, ಫ್ರಾನ್ಸಿನಲ್ಲಿ, ‘ಕಾಂತಿಗಶ್ ದು ಮಾಯು’ ಎಂಬ ಧ್ವನಿಮುದ್ರಿಕೆಗಾಗಿ. ಅದೇ ಮುದ್ರಿಕೆಯಲ್ಲಿ 1954ರಲ್ಲಿ ಕೂಲಿ ಹೆಚ್ಚಳ ಕೇಳಲು ಹೋಗಿ ಗುಂಡಿಗೆ ಬಲಿಯಾದ ಅಲೆಂತೇಜಿನ ಕೃಷಿಕೂಲಿ ಕಾತರೀನ ಎವುಫೇಮಿಯಳನ್ನು ಕುರಿತ ಹಾಡೂ ಇದೆ.

ಗ್ರಾಂದೊಲದ ಕಟ್ಟಡ ನಮ್ಮ ಚರ್ಚೆಗೆ ಬಹಳ ಮುಖ್ಯ. ಅಲೆಂತೇಜಿನ ಕೂಲಿಗಳ ಗುಂಪುಹಾಡಿಗೆ ‘ಕಾಂತ್’ ಎನ್ನುತ್ತಾರೆ; 2014ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ವಾದ್ಯವಿಲ್ಲ. ಒಬ್ಬ ಆರಂಭಿಸುತ್ತಾನೆ, ಇನ್ನೊಬ್ಬ ಎತ್ತರದ ದನಿಯಲ್ಲಿ ಅದನ್ನು ಎತ್ತಿಕೊಳ್ಳುತ್ತಾನೆ, ಆಮೇಲೆ ಗುಂಪೆಲ್ಲ ಸೇರುತ್ತದೆ. ಅಫೊನ್ಸೊ ಈ ಕ್ರಮವನ್ನೇ ಹಿಡಿದ. ಮುದ್ರಣದಲ್ಲಿ ಮೊದಲು ಕೇಳುವುದು ಹಾಡಲ್ಲ, ಹೆಜ್ಜೆಯ ಸದ್ದು. ಹಾಡುಗಾರನೂ ಸಂಗಡಿಗರೂ ಜಲ್ಲಿಯ ಮೇಲೆ ಕಾಲೆಳೆದು ನಡೆದು ಅದನ್ನು ಮುದ್ರಿಸಿದರು. ನಂತರ ಒಂದು ದನಿ ನಾಲ್ಕು ಸಾಲಿನ ನುಡಿಯನ್ನು ಹಾಡುತ್ತದೆ. ಅದಾದ ಮೇಲೆ ಗುಂಪು ಅದೇ ನಾಲ್ಕು ಸಾಲುಗಳನ್ನು ಹಿಂದುಮುಂದಾಗಿ, ಕೊನೆಯ ಸಾಲಿನಿಂದ ಮೊದಲಿನ ಸಾಲಿನ ಕಡೆಗೆ ಹಾಡುತ್ತದೆ. ಒಬ್ಬನು ಊರ ಹೆಸರಿನಿಂದ ಹೊರಟು ಊರೊಳಗಿನ ಜನರ ಕಡೆಗೆ ಬಂದರೆ, ಗುಂಪು ಆ ಒಳಗಿನಿಂದ ಹೊರಟು ಊರ ಹೆಸರಿಗೆ ಬಂದು ನಿಲ್ಲುತ್ತದೆ. ಮಾತು ಒಂದೇ, ಹೇಳುವ ದಿಕ್ಕು ಬೇರೆ. ಊರಿನಲ್ಲಿ ಅಧಿಕಾರ ಯಾರದು ಎಂಬುದು ಹಾಡಿನ ವಸ್ತು; ಹಾಡಿನ ಮೇಲೆ ಅಧಿಕಾರ ಯಾರದು ಎಂಬುದನ್ನು ಅದರ ರಚನೆಯೇ ತೋರಿಸಿಬಿಡುತ್ತದೆ.

1974ರ ಮಾರ್ಚ್ 29ರಂದು ಲಿಸ್ಬನ್ನಿನ ಒಂದು ಸಭೆಯಲ್ಲಿ ಅಫೊನ್ಸೊನ ಹಲವು ಹಾಡುಗಳಿಗೆ ಸೆನ್ಸಾರ್ ಅಡ್ಡಿ ಮಾಡಿತು. ಗ್ರಾಂದೊಲಕ್ಕೆ ಅಡ್ಡಿ ಬರಲಿಲ್ಲ. ಒಂದು ಹಳ್ಳಿಯ ಹೊಗಳಿಕೆ ಎಂದು ತೋರಿರಬೇಕು. ಸಭೆ ಮುಗಿದಾಗ ನೆರೆದವರೆಲ್ಲ ಅದನ್ನು ಹಾಡಿದರು. ಅಲ್ಲಿದ್ದ ಕೆಲವು ಸೇನಾಧಿಕಾರಿಗಳು ಅದನ್ನು ಕೇಳಿದರು. ಏಪ್ರಿಲ್ 24ರ ರಾತ್ರಿ 10.55ಕ್ಕೆ ಮೊದಲ ಸಂಕೇತವಾಗಿ ಪಾವ್ಲು ದ ಕರ್ವಾಲ್ಯು ಹಾಡಿದ ಒಂದು ಪ್ರೇಮಗೀತೆ ಬಂತು. ಮಧ್ಯರಾತ್ರಿ ದಾಟಿ 12.20ಕ್ಕೆ, ಕ್ಯಾಥೊಲಿಕ್ ಚರ್ಚಿಗೆ ಸೇರಿದ ‘ರೇಡಿಯೊ ರೆನಸೆನ್ಸ’ದಲ್ಲಿ, ಎರಡನೆಯ ಸಂಕೇತವಾಗಿ ಗ್ರಾಂದೊಲ ಬಂತು. ಪುಟದ ಮೇಲಿನ ಮಾತನ್ನಷ್ಟೇ ಓದಿದ ಸೆನ್ಸಾರ್ ಅಧಿಕಾರಿ, ನಮ್ಮ ವಿಮರ್ಶಕರ ಹಾಗೆಯೇ, ಗುಂಪು ಎಲ್ಲಿ ಸೇರುತ್ತದೆ ಎಂಬುದನ್ನು ಗಮನಿಸಲಿಲ್ಲ ಎಂದು ಹೇಳಿದರೆ ಅದು ಸ್ವಲ್ಪ ಕಟುವಾದೀತು, ಆದರೂ ಹೇಳಬೇಕೆನಿಸುತ್ತದೆ.

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಫೊನ್ಸೊ ರೆಕಾರ್ಡುಗಳ ಮೂಲಕ ಹೆಸರಾದ ಜನಪ್ರಿಯ ಹಾಡುಗಾರ. ಪೋರ್ಚುಗೀಸಿನಲ್ಲಿ ಇಂಥವರಿಗೆ ‘ಕಾಂತೌತೋರ್’ ಎನ್ನುತ್ತಾರೆ. ಕಂಬಾರರು ಮೊದಲಿಗೆ ಕವಿ, ನಾಟಕಕಾರ. ಅಫೊನ್ಸೊ ಹೊರಗಿನಿಂದ ಅಲೆಂತೇಜಿಗೆ ಹೋದ ಓದಿದ ನಗರವಾಸಿ. ಕಂಬಾರರು ಘೋಡಗೇರಿಯ ಒಳಗಿನವರು. ಅಫೊನ್ಸೊನ ಗುಂಪು ಒಪ್ಪುವ ಗುಂಪು. ಒಬ್ಬನ ಮಾತನ್ನು ಎತ್ತಿಕೊಂಡು ದೊಡ್ಡದು ಮಾಡುತ್ತದೆ. ಕಂಬಾರರ ಹಿಮ್ಮೇಳ ಒಪ್ಪುವುದರ ಜೊತೆಗೆ ಅಡ್ಡಮಾತೂ ಆಡುತ್ತದೆ, ನಗುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯದು ಹೆಚ್ಚು ತೊಡಕಿನದು, ಆದ್ದರಿಂದಲೇ ಹೆಚ್ಚು ಶ್ರೀಮಂತವಾದುದು. ಸವಾಲ್-ಜವಾಬಿನ ಪರಂಪರೆಯಿಂದ ಬಂದ ಮೇಳಕ್ಕೆ ಸುಮ್ಮನೆ ತಲೆದೂಗುವುದು ಬರುವುದಿಲ್ಲ. ಕನ್ನಡದಲ್ಲಿ ಗ್ರಾಂದೊಲದ ದಾರಿಯನ್ನು ಹಿಡಿದವು ಬಹುಶಃ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಸಂಕಲನದ ಹಾಡುಗಳು. ಅವು ಪುಸ್ತಕಕ್ಕಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ ಬದುಕಿದವು.

ಆದರೆ ಧ್ವನಿಮುದ್ರಣದ ವಿಷಯದಲ್ಲಿ ಹೋಲಿಕೆ ನಮಗೆ ಕಹಿಯಾಗುತ್ತದೆ. ‘ಕಾಡು ಕುದುರೆ’ ಚಿತ್ರಕ್ಕೆ ಕಂಬಾರರೇ ಕತೆ, ಹಾಡು, ಸಂಗೀತ, ನಿರ್ದೇಶನ. ಅದರ ಶೀರ್ಷಿಕೆ ಹಾಡನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸುಬ್ಬಣ್ಣನವರ ಕಂಠ ಅಸಾಧಾರಣವಾದುದು. ಆ ಹಾಡು ಕನ್ನಡದ ಮನೆಮನೆಗೆ ತಲಪಿದ್ದು ಅದರಿಂದ. ಅಲ್ಲಿಂದ ಮುಂದೆ ಕಂಬಾರರ ಹಾಡು ನಮಗೆ ಒಂಟಿ ಗಾಯಕನ, ವೇದಿಕೆಯ, ಸ್ಪರ್ಧೆಯ ಹಾಡಾಗಿ ಪರಿಚಿತವಾಯಿತು. ಕಾಲೇಜಿನ ಯುವಜನೋತ್ಸವಗಳಲ್ಲಿ ಅದನ್ನು ಹಾಡುವ ವಿದ್ಯಾರ್ಥಿಗೆ ಕುದುರೆಯ ಓಟವನ್ನು ತನ್ನೊಬ್ಬನ ಗಂಟಲಲ್ಲಿ ತೋರಿಸಬೇಕಾದ ಹೊರೆ. ಅಫೊನ್ಸೊ ತಂತ್ರಜ್ಞಾನವನ್ನು ತಿರಸ್ಕರಿಸದೆ, ಗುಂಪನ್ನೂ ಅದರ ಹೆಜ್ಜೆಯನ್ನೂ ಮುದ್ರಿಕೆಯ ಒಳಗೇ ಕೂರಿಸಿದ. ನಾವು ಮುದ್ರಿಕೆಗೆ ಹೋಗುವಾಗ ಮ್ಯಾಳದವರನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಇದಕ್ಕೆ ಕವಿಯಾಗಲಿ ಗಾಯಕನಾಗಲಿ ಹೊಣೆಯಲ್ಲ. ಜನಪದವನ್ನು ಪಠ್ಯವಾಗಿಯೂ ಜನಪ್ರಿಯವನ್ನು ಮನರಂಜನೆಯಾಗಿಯೂ ಬೇರೆ ಬೇರೆ ಕಪಾಟುಗಳಲ್ಲಿಟ್ಟ ನಮ್ಮ ಅಧ್ಯಯನ ವಿಭಾಗಗಳ ಪಾಲೂ ಇದರಲ್ಲಿದೆ.

ಖಾನಾಪುರ ತಾಲ್ಲೂಕಿನಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಒಂದು ಭಜನಿ ಮಂಡಳಿಯೊಡನೆ ಕೆಲವು ರಾತ್ರಿ ಕೂತಿದ್ದೆ. ಮರಾಠಿ ಅಭಂಗ, ಕನ್ನಡ ತತ್ವಪದ ಎರಡನ್ನೂ ಅವರು ಒಂದೇ ಬೈಠಕಿನಲ್ಲಿ ಹಾಡುತ್ತಾರೆ. ಯಾವ ಭಾಷೆಯದೇ ಆಗಲಿ, ಮುಂದಿನವನು ಒಂದು ಸಾಲು ಹೇಳುತ್ತಾನೆ, ಉಳಿದವರು ಹಿಡಿಯುತ್ತಾರೆ. ಗಡಿಯ ವಾದದಲ್ಲಿ ಬೇರೆ ಬೇರೆಯಾಗಿ ಎಣಿಸಲ್ಪಡುವ ಎರಡು ಭಾಷೆಗಳು ಈ ಹಿಡಿಯುವಿಕೆಯಲ್ಲಿ ಬೇರೆಯಾಗುವುದಿಲ್ಲ. ಮಂಡಳಿಯ ಹಿರಿಯರೊಬ್ಬರಿಗೆ, ಬರೆದುಕೊಳ್ಳುವ ಅನುಕೂಲಕ್ಕಾಗಿ, ಒಂದು ಪದವನ್ನು ಒಬ್ಬರೇ ಹಾಡಿತೋರಿಸುವಂತೆ ಕೇಳಿದೆ. ಅವರು ಎರಡು ನುಡಿ ಹಾಡಿ ನಿಲ್ಲಿಸಿದರು. ಮುಂದಿನ ನುಡಿ ನೆನಪಾಗಲಿಲ್ಲ. ಮೇಳ ಮರುನುಡಿಯುವ ಹೊತ್ತಿನಲ್ಲೇ ಅವರಿಗೆ ಮುಂದಿನದು ನೆನಪಿಗೆ ಬರುವುದು. ಮರುರಾತ್ರಿ ಎಲ್ಲರೂ ಸೇರಿದಾಗ ಅದೇ ಪದ ಹನ್ನೊಂದು ನುಡಿಯವರೆಗೆ ತಡೆಯಿಲ್ಲದೆ ಹೋಯಿತು.

ಕಂಬಾರರ ಹಾಡುಗಳ ಸಂಪಾದನೆಯೊಂದು ಮುಂದೆ ಆಗುವುದಾದರೆ ಅದರಲ್ಲಿ ಮೇಳ ಸೇರುವ ಜಾಗಗಳನ್ನು ಗುರುತಿಸಬೇಕು. ಪಲ್ಲವಿಯನ್ನು ಮೊಟಕುಗೊಳಿಸದೆ ಅಚ್ಚು ಮಾಡಬೇಕು. ಕವಿಯೇ ಹಾಡಿರುವ ಧ್ವನಿಮುದ್ರಣಗಳನ್ನು ಪಾಠಾಂತರಗಳೆಂದು ಪರಿಗಣಿಸಬೇಕು. ಹಳಗನ್ನಡ ಕಾವ್ಯದ ತಾಡವೋಲೆಗಳಿಗೆ ನಾವು ತೋರುವ ಶಿಸ್ತು ಇದು. ಈ ಹಾಡುಗಳನ್ನು ಮೇಳದಲ್ಲಿ ನಿಂತು ಕೇಳಿದವರು ಘೋಡಗೇರಿ, ಗೋಕಾಕ, ಬೈಲಹೊಂಗಲದ ಕಡೆ ಈಗಲೂ ಇದ್ದಾರೆ, ಮತ್ತು ಅವರಿಗೆ ವಯಸ್ಸಾಗಿದೆ.